ಆಚೆ ದಡದ ನೋಟ

ಬುಧವಾರ ಮಧ್ಯಾಹ್ನ ಉಪ್ಪುಸೌತೆಯ ಸೂಪು ಕುಡಿಯುತ್ತ ಝೆನೊನ್, ನಾಳೆ ಮೋಡ ಇರುತ್ತದಂತೆ ಎನ್ನುವಷ್ಟು ಸಲೀಸಾಗಿ, "ಶನಿವಾರ ತೋರುನ್ ನೋಡ್ಕೊಂಡು ಬರೋಣ ಅಂತಿದೀನಿ," ಎಂದ.

ಬೊಗ್ನಾಳ ಚಮಚ ಬಾಯಿಯ ಹತ್ತಿರವೇ ನಿಂತಿತು. ಬಿಡ್ಗೋಷ್ಚ್‌ನಲ್ಲೇ ಹುಟ್ಟಿ, ಬೆಳೆದು, ನಿವೃತ್ತನೂ ಆದ ಅವಳ ಗಂಡ, ರೈಲಿನಲ್ಲಿ ಒಂದು ಜೊಂಪು ಮುಗಿಯುವಷ್ಟರಲ್ಲಿ ಸಿಗುವ ತೋರುನ್‌ಗೆ ಈ ಜನ್ಮದಲ್ಲಿ ಕಾಲಿಟ್ಟವನಲ್ಲ. ಎರಡೂ ಊರಿನವರಿಗೆ ಬ್ರೇಕಿಲ್ಲದ ಬೈಕುಗಳ ಪಂದ್ಯದ ಹುಚ್ಚು, ಊರಿಗೊಂದು ಕ್ಲಬ್ಬು. ಒಬ್ಬರ ಹೆಸರೆತ್ತಿದರೆ ಇನ್ನೊಬ್ಬರಿಗೆ ಮೈಯೆಲ್ಲ ಉರಿ.

"ತೋರುನ್‌ನಲ್ಲಿ ನೋಡೋಕೇನಿದೆ? ಬರೀ ಕಲ್ಲು, ಜಂಬ ಅಂತಿದ್ದೋನು ನೀನೇ," ಎಂದಳು ಬೊಗ್ನಾ.

"ಕೊಪರ್ನಿಕಸ್ ಹುಟ್ಟಿದ ಮನೆ ಇದೆ. ಅವನು ಅಲ್ಲಿ ಹುಟ್ಟಿದ್ದು ಅವನ ತಪ್ಪಲ್ಲವಲ್ಲ."

ಅವಳು ನಗು ನುಂಗಿಕೊಂಡಳು. ನಗುವಿನ ಹಿಂದೆಯೇ ಮಗಳ ನೆನಪಾಯಿತು. ಒಬ್ಬಳೇ ಮಗಳು ಕಲಿನಾ ಹೋಗಿ ಹೋಗಿ ತೋರುನ್ ಹುಡುಗ ಇಗ್ನಾತ್ಸಿಯನ್ನೇ ಕಟ್ಟಿಕೊಂಡಿದ್ದಳು. ಮದುವೆಯ ಊಟದ ನಡುವೆ ಹುಡುಗನ ಗೆಳೆಯರು ತಮ್ಮ ಕ್ಲಬ್ಬಿನ ಹಾಡು ಶುರುಮಾಡಿದ್ದೇ ತಡ, ಝೆನೊನ್ ಕೋಟು ಹಾಕಿಕೊಂಡು ಎದ್ದು ಹೋಗಿದ್ದ. ಮದುಮಗಳ ತಲೆಯ ಮುಸುಕು ತೆಗೆಯುವ ಶಾಸ್ತ್ರಕ್ಕೆ ಅಪ್ಪನೇ ಇರಲಿಲ್ಲ. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ಅವಳು ಕರೆಯಲಿ ಎಂದು ಇವನು, ತಾನಾಗಿ ಬರಲಿ ಎಂದು ಅವಳು. ನಡುವೆ ಹೈರಾಣಾದವಳು ಬೊಗ್ನಾ.

ಸಂಜೆ ಝೆನೊನ್ ಮೇಜಿನ ಮೇಲೆ ನಕ್ಷೆ ಹರಡಿ ಕುಳಿತ. ಮೊದಲು ಕೊಪರ್ನಿಕಸ್ ಮನೆ, ಆಮೇಲೆ ವಾಲುಗೋಪುರ.

"ಆ ಗೋಪುರಕ್ಕೆ ಬೆನ್ನು ಕೊಟ್ಟು, ಕೈ ಮುಂದೆ ಚಾಚಿ ನಿಲ್ಲಬೇಕಂತೆ. ಪಾಪ ಮಾಡಿದೋರು ಮುಗ್ಗರಿಸ್ತಾರಂತೆ," ಎಂದಳು ಬೊಗ್ನಾ. "ನಿನ್ನ ಹಿಡ್ಕೊಳ್ಳೋಕೆ ಇನ್ನೂ ಯಾರನ್ನಾದ್ರೂ ಕರ್ಕೊಂಡು ಹೋಗೋಣ."

"ನೀನು ನಿಂತ್ಕೋ. ನಾನು ಫೋಟೊ ತೆಗೀತೀನಿ."

"ಊಟ ಎಲ್ಲಿ?"

"ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಕೊಂಡು ಹೋಗೋಣ, ಫ್ಲಾಸ್ಕಲ್ಲಿ ಚಹಾ. ಆ ಊರಿಗೆ ನನ್ನಿಂದ ಒಂದು ಕಾಫಿಯ ಲಾಭವೂ ಆಗಬಾರದು." ಆಮೇಲೆ ಅವನ ಬೆರಳು ನಕ್ಷೆಯ ಮೇಲೆ ನಿಧಾನವಾಗಿ ನದಿಯ ಸೇತುವೆ ದಾಟಿತು. "ಊಟ ಆದ್ಮೇಲೆ ಆಚೆ ದಡಕ್ಕೆ ಹೋಗೋಣ. ಅಲ್ಲಿಂದ ಇಡೀ ಊರು ಚೆನ್ನಾಗಿ ಕಾಣುತ್ತಂತೆ."

"ಆಚೆ ದಡದಲ್ಲಿ ಕಲಿನಾ ಮನೆ ಇದೆ."

"ಇರಬಹುದು. ದಡ ಉದ್ದ ಇದೆ."

"ಎಷ್ಟು ಹೊತ್ತು ಊರು ನೋಡ್ತೀಯಾ?"

"ಕತ್ತಲಾಗೋವರೆಗೆ," ಎಂದ ಝೆನೊನ್, ನಕ್ಷೆಯಿಂದ ಕಣ್ಣೆತ್ತದೆ.

ಬೊಗ್ನಾ ಮತ್ತೆ ಕೆಣಕಲಿಲ್ಲ. ಗಂಡನ ಹಟ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಗಳ ಮನೆಯ ಎದುರಿಗೇ ನಿಂತು, ನದಿಯ ಕಡೆಗೆ ಮುಖ ಮಾಡಿ, ಸುಮ್ಮನೆ ವಾಪಸು ಬಂದರೂ ಬಂದನೇ. ಹಾಗಾದರೆ ಈ ಜನ್ಮಕ್ಕೆ ಇಷ್ಟೇ ಎಂದು ಅವಳಿಗೆ ಭಯವಾಯಿತು.

ಶುಕ್ರವಾರ ಅವಳು ಮೊಟ್ಟೆ ಬೇಯಿಸುತ್ತಿದ್ದಾಗ ಝೆನೊನ್ ಕೋಣೆಯಲ್ಲಿ ಕಾಲುಗುರು ಕತ್ತರಿಸುತ್ತ ಕುಳಿತಿದ್ದ. ಪಕ್ಕದಲ್ಲಿ ಹೊಸ ಕಾಲುಚೀಲ, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಬೊಗ್ನಾ ಬಾಗಿಲಲ್ಲೇ ನಿಂತಳು. ಬೀದಿ ಸುತ್ತುವವನ ಕಾಲುಚೀಲವನ್ನು ಯಾರು ನೋಡುತ್ತಾರೆ? ಬೂಟು ಬಿಚ್ಚುವುದು ಯಾರದಾದರೂ ಮನೆಯೊಳಗೆ ಕಾಲಿಡುವಾಗ ಮಾತ್ರ.

"ಗೋಪುರ ನೋಡೋಕೆ ಬೂಟು ಬಿಚ್ಚಬೇಕಾ?" ಎಂದು ಕೇಳಿದಳು.

"ಹಳೇವು ತೂತಾಗಿವೆ."

"ಹೋದ ತಿಂಗಳು ಪಾದ್ರಿಗಳ ಮನೆಗೆ ತೂತಿದ್ದದ್ದನ್ನೇ ಹಾಕ್ಕೊಂಡು ಹೋಗಿದ್ದೆ."

ಝೆನೊನ್ ಮತ್ತೆ ಉಗುರಿನ ಮೇಲೆ ಬಾಗಿದ. ಅವನ ಕಿವಿ ಕೆಂಪಾಗಿತ್ತು. ಬೊಗ್ನಾಳಿಗೆ ಅವನ ಮೇಲೆ ಇನ್ನಿಲ್ಲದ ಪ್ರೀತಿ ಬಂತು. ನೇರ ಹೋಗಿ, ಅವನ ಎದುರಿನಲ್ಲೇ ಮಗಳಿಗೆ ಫೋನ್ ಮಾಡಿದಳು.

"ಕಲಿನಾ, ನಾಳೆ ನಾವು ಊರು ನೋಡೋಕೆ ಬರ್ತಿದೀವಿ. ನಿಮ್ಮಪ್ಪ ಹೊಸ ಕಾಲುಚೀಲ ತಂದಿದಾನೆ."

ಆ ಕಡೆ ಮಗಳು ಮೂಗೊರೆಸಿಕೊಳ್ಳುತ್ತ ಮಾತಾಡಿದಳು. ಬೊಗ್ನಾ ಕೇಳಿಸಿಕೊಂಡು ಗಂಡನ ಕಡೆ ತಿರುಗಿದಳು.

"ಆ ಮನೆಗೆ ಹೋದ ದಿನವೇ ಬಾಗಿಲ ಹತ್ತಿರ ನಿನಗೆ ಅಂತ ಚಪ್ಪಲಿ ತೆಗೆದಿಟ್ಟಿದಾಳಂತೆ, ಮನೆಯೊಳಗೆ ಹಾಕ್ಕೊಳ್ಳೋಕೆ. ಇಗ್ನಾತ್ಸಿನೇ ಆರಿಸಿ ತಂದಿದ್ದಂತೆ, ಅವರ ಕ್ಲಬ್ಬಿನ ಬಣ್ಣದ್ದು. ಬೇಡದಿದ್ರೆ ಬರಿಗಾಲಲ್ಲಿ ಓಡಾಡಲಿ ಅಂತಾಳೆ."

"ಬರಿಗಾಲಲ್ಲೇ ಓಡಾಡ್ತೀನಿ ಅಂತ ಹೇಳು."

"ನೀನೇ ಹೇಳು," ಎಂದು ಬೊಗ್ನಾ ಫೋನ್ ಚಾಚಿದಳು.

ಝೆನೊನ್ ಅದನ್ನು ಹಿಡಿದುಕೊಂಡ. ಗಂಟಲು ಸರಿಮಾಡಿಕೊಂಡ, ಮತ್ತೊಮ್ಮೆ ಸರಿಮಾಡಿಕೊಂಡ. ಮದುವೆಯ ರಾತ್ರಿಯಿಂದ ಈಚೆಗೆ ಮೊದಲ ಬಾರಿಗೆ ಮಗಳನ್ನು ಮಾತಾಡಿಸಿದ.

"ನಿಮ್ಮನೆ ನೆಲ ತುಂಬಾ ತಣ್ಣಗಿರುತ್ತೇನಮ್ಮ?"