ನೋವಿಲ್ಲದ ಬಿಳಿ ಮಚ್ಚೆ

ಮಗ್ಗದ ಶೆಡ್ಡಿನಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಲಾಳಿ ಹೊಡೆಯುವ ಸದ್ದಿನಲ್ಲಿ ಎದುರಿದ್ದವರ ತುಟಿ ನೋಡಿಯೇ ಮಾತು ಹಿಡಿಯಬೇಕು. ದೊಡ್ಡಬಳ್ಳಾಪುರದ ಆ ಶೆಡ್ಡಿನಲ್ಲಿ ಭಾಗ್ಯಮ್ಮನಷ್ಟು ಮಾತುಗಾರ್ತಿ ಇನ್ನೊಬ್ಬಳಿರಲಿಲ್ಲ. ಒಂದು ಕಣ್ಣು ನೂಲಿನ ಮೇಲಿಟ್ಟು, ಪಕ್ಕದ ಮಗ್ಗದ ಪಾಪಮ್ಮನಿಗೆ ಬೀದಿಯ ಸುದ್ದಿಯನ್ನೆಲ್ಲ ಬರೀ ತುಟಿಯಲ್ಲೇ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು.

ಮೇಲಿನ ಸಾಲಿನ ಹಲ್ಲುಗಳು ಅಲ್ಲಾಡಿ ಒಂದೊಂದೇ ಬಿದ್ದ ಮೇಲೆ ಅದೆಲ್ಲ ನಿಂತುಹೋಯಿತು. ತುಟಿ ಒಳಕ್ಕೆ ಕುಸಿಯಿತು. ಅವಳು ಒಂದು ಹೇಳಿದರೆ ಪಾಪಮ್ಮ ಇನ್ನೊಂದು ತಿಳಿಯುತ್ತಿದ್ದಳು. ಯಾರೋ ಕಿಸಕ್ಕನೆ ನಕ್ಕ ದಿನದಿಂದ ಭಾಗ್ಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು, ಮಾತು ಬಿಟ್ಟಳು.

ಅದಕ್ಕೇ, ಹಲ್ಲಿನ ಕ್ಯಾಂಪ್ ಇದೆಯೆಂದು ಆಟೋದವನು ಮೈಕಿನಲ್ಲಿ ಕೂಗಿಕೊಂಡು ಹೋದಾಗ ಎಲ್ಲರಿಗಿಂತ ಮೊದಲು ಹೋಗಿ ಕೂತಳು. ಪರೀಕ್ಷೆ ಮಾಡುತ್ತಿದ್ದವಳು ಅಕ್ಷತ, ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ದಂತವೈದ್ಯೆ. ಬಾಯೊಳಕ್ಕೆ ಟಾರ್ಚ್ ಬಿಟ್ಟವಳು ಹಲ್ಲಿಲ್ಲದ ವಸಡನ್ನು ನೋಡಲೇ ಇಲ್ಲ. ಎಡಗೆನ್ನೆಯ ಒಳಗೆ, ಭಾಗ್ಯಮ್ಮ ದಿನವಿಡೀ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿಟ್ಟುಕೊಳ್ಳುವ ಕಡೆ, ಬೆಳಕು ನಿಂತುಬಿಟ್ಟಿತು.

"ಅಮ್ಮಾ, ಇಲ್ಲಿ ಬಿಳಿ ಮಚ್ಚೆ ಇದೆ. ನೋವಿದೆಯಾ?"

"ಇಲ್ಲ ಮೇಡಮ್ಮೋರೆ. ಖಾರ ತಿಂದ್ರೆ ಒಸಿ ಉರಿತದೆ, ಅಷ್ಟೇಯ."

"ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಆಸ್ಪತ್ರೆಗೆ ಬನ್ನಿ. ಹೊಗೆಸೊಪ್ಪು ಇವತ್ತೇ ಬಿಡ್ಬೇಕು."

"ಆಯ್ತು. ಹಲ್ಲು ಯಾವಾಗ ಕಟ್ತೀರಾ?"

"ಹಲ್ಲು ಆಮೇಲೆ. ನಮ್ಮಲ್ಲಿ ಕಟ್ಟೋ ವ್ಯವಸ್ಥೆನೂ ಇಲ್ಲ. ಮೊದಲು ಇದು ಮುಖ್ಯ."

"ನೋವೇ ಇಲ್ವಲ್ಲವ್ವಾ ಅದು!"

"ನೋವಿಲ್ಲ ಅಂತಾನೇ ನನಗೆ ಹೆದರಿಕೆ," ಅಂದಳು ಅಕ್ಷತ. ಅಷ್ಟರಲ್ಲಿ ಹಿಂದಿನವರು ತಳ್ಳಿದರು.

ಮನೆಗೆ ಬಂದವಳು ಗಂಡ ಆಂಜಿನಪ್ಪನಿಗೆ ಹೇಳಿದಳು. ಅವನೂ ಮಗ್ಗದವನೇ. "ಎದ್ದು ಓಡಾಡ್ತಿದೀಯ, ಮುದ್ದೆ ಉಣ್ತೀಯ, ಮಗ್ಗ ನಡೆಸ್ತೀಯ. ಇನ್ನೇನು ಕಾಯಿಲೆ ಕಣೆ ನಿಂಗೆ?" ಅಂದ. ಅವಳಿಗೂ ಹಾಗೇ ಅನ್ನಿಸಿತ್ತು. ಮೈ ಕೆಲಸಕ್ಕೆ ಆಗುವವರೆಗೂ ಅದನ್ನು ಕಾಯಿಲೆ ಎಂದು ಅವರ ಮನೆಯಲ್ಲಿ ಯಾರೂ ಕರೆದಿರಲಿಲ್ಲ. ಕಡ್ಡಿಪುಡಿ ಬಿಡಲು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಮಗ್ಗದ ಮುಂದೆ ಕಣ್ಣು ಎಳೆದು ನೂಲು ಕಿತ್ತುಹೋಗತೊಡಗಿತು. ಮತ್ತೆ ಹಾಕಿದಳು.

ಹಲ್ಲಿನ ಆಸೆ ಮಾತ್ರ ಬಿಡಲಿಲ್ಲ. ಸಂತೆಬೀದಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಹಲ್ಲು ಕಟ್ಟುವವನೊಬ್ಬನಿದ್ದ. ಅವನು ಕೂತಲ್ಲೇ ಅಚ್ಚು ತೆಗೆದು ಹೊಳೆಯುವ ಸಾಲೊಂದನ್ನು ಕೂರಿಸಿಕೊಟ್ಟ. ಬಾಯಿ ನೋಡಿದವನಿಗೆ ಮಚ್ಚೆ ಕಂಡಿತೋ ಇಲ್ಲವೋ, ಅವನಂತೂ ಏನೂ ಹೇಳಲಿಲ್ಲ. ಮರುದಿನ ಶೆಡ್ಡಿನಲ್ಲಿ ಭಾಗ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾತಾಡಿದ್ದೇ ಮಾತಾಡಿದ್ದು. ಪಾಪಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅಕ್ಷತ ಒಮ್ಮೆ ಶೆಡ್ಡಿನ ಬಾಗಿಲಿಗೇ ಬಂದಿದ್ದಳು. ಮಗ್ಗಗಳ ಸದ್ದಿನಲ್ಲಿ ಅವಳು ಕೂಗಿದ್ದು ಕೇಳಲಿಲ್ಲ, ಆದರೆ ತುಟಿ ಓದುವುದು ಭಾಗ್ಯಮ್ಮನಿಗೆ ಕಷ್ಟವೇ? "ಪರೀಕ್ಷೆಗೆ ಬನ್ನಿ." ಭಾಗ್ಯಮ್ಮ ಹೊಸ ಹಲ್ಲು ತೋರಿಸಿ ನಕ್ಕಳು, ಬರ್ತೀನಿ ಎಂದು ತಲೆಯಾಡಿಸಿದಳು. ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಿ ಪೂರಾ ತೆರೆಯದಾಯಿತು. ಕೆನ್ನೆಯೊಳಗೆ ಗಂಟು, ಕಿವಿಯವರೆಗೂ ಸಿಡಿತ. ಹಲ್ಲಿನ ಸೆಟ್ಟು ಒತ್ತುತ್ತಿದೆಯೆಂದು ತೆಗೆದಿಟ್ಟಳು, ಆದರೂ ನೋವು ಹೋಗಲಿಲ್ಲ. ಕತ್ತಿನಲ್ಲಿ ಇನ್ನೊಂದು ಗಂಟು ಕೈಗೆ ಸಿಕ್ಕಿದ ದಿನ ಯಾರೂ ಹೇಳದೆ ತಾನೇ ಆಸ್ಪತ್ರೆಗೆ ನಡೆದಳು. ಅಕ್ಷತ ನೋಡಿದಳು. ಬೈಯಲಿಲ್ಲ. ಬೆಂಗಳೂರಿಗೆ ಕಳಿಸಲು ಫೋನು ಹಚ್ಚಿದವಳು, ತನ್ನ ತುಟಿ ಕಾಣದಂತೆ ಗೋಡೆಯ ಕಡೆ ತಿರುಗಿ ಮಾತಾಡಿದಳು. ಭಾಗ್ಯಮ್ಮನಿಗೆ ಎಲ್ಲ ತಿಳಿದದ್ದು ಆಗಲೇ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವಳಂಥವರು ಕಾರಿಡಾರಿನ ತುಂಬ ಚಾಪೆ ಹಾಸಿಕೊಂಡಿದ್ದರು. ಸರದಿ ಬರುವಷ್ಟರಲ್ಲಿ ಕೆನ್ನೆ ಒಡೆದಿತ್ತು. ಕೊಯ್ದು ತೆಗೆಯುವ ಕಾಲ ಮೀರಿದೆ ಎಂದರು ಅಲ್ಲಿಯ ಡಾಕ್ಟರು. ಗಂಟಿಗೆ ರೇಡಿಯೇಶನ್ನಿನ ಕರೆಂಟು ಕೊಟ್ಟರು, ಮೈಯ ನೀರೆಲ್ಲ ಬತ್ತಿದಂತಾಯಿತು. ಆಮೇಲೆ ಆಂಜಿನಪ್ಪನನ್ನು ಪಕ್ಕಕ್ಕೆ ಕರೆದು, ಮನೆಗೆ ಕರ್ಕೊಂಡು ಹೋಗಿ ಅಂದರು.

ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಗ ಅಕ್ಷತ ನೋಡಲು ಬಂದಳು. ವಾಸನೆಗೆ ಬೀದಿಯವರು ಬರುವುದು ನಿಂತಿತ್ತು, ಪಾಪಮ್ಮನೂ ಬಾಗಿಲಲ್ಲೇ ನಿಂತು ಹೋಗುತ್ತಿದ್ದಳು. ಅಕ್ಷತ ಹತ್ತಿರವೇ ಕೂತಳು.

"ಅವತ್ತು ನೀವು ಹಲ್ಲು ಕಟ್ಟಿಕೊಟ್ಟಿದ್ರೆ," ಅಂದಳು ಭಾಗ್ಯಮ್ಮ. ಅರ್ಧ ಬಾಯಲ್ಲಿ ಮಾತು ತೊದಲಿತು. "ನಿಮ್ಮ ಇನ್ನೊಂದು ಮಾತೂ ಕೇಳ್ತಿದ್ನೇನೋ."

ಅಕ್ಷತ ಅವಳ ಹೆಗಲ ಸೆರಗು ಸರಿಮಾಡಿದಳು. "ಹಲ್ಲು ಕಟ್ಟೋ ಕುರ್ಚಿ, ಸಾಮಾನು ಕೇಳಿದೀನಿ ಅಮ್ಮಾ. ಈ ಕಡೆಯಿಂದ ಆಸ್ಪತ್ರೆಗೆ ಬರೋರೇ ಇಲ್ವಲ್ಲ, ಯಾರಿಗೆ ಬೇಕು ಅಂತಾರೆ ಮೇಲಿನವರು."

ಭಾಗ್ಯಮ್ಮ ಅವಳ ಮುಖವನ್ನೇ ನೋಡಿದಳು. ಬೇಕು ಎಂದು ತಾನು ಬಾಯಿಬಿಟ್ಟು ಕೇಳಿದ್ದೆ, ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದೆ ಎಂದು ಹೇಳಬೇಕೆನಿಸಿತು. ಅಷ್ಟು ಉದ್ದದ ಮಾತು ಈಗ ಆಗುತ್ತಿರಲಿಲ್ಲ.

"ಏನಾದ್ರೂ ಬೇಕಾ ಅಮ್ಮಾ?"

"ನೀರು."

ಆಂಜಿನಪ್ಪ ಚಮಚದಲ್ಲಿ ಹಿಡಿದ. ಒಳಗೆ ಹೋದದ್ದು ಸ್ವಲ್ಪ, ಮಿಕ್ಕಿದ್ದು ಕೆನ್ನೆಯ ತೂತಿನಿಂದ ಇಳಿದು ಕುತ್ತಿಗೆಯ ಮೇಲೆ ಹರಿಯಿತು. ಅವನು ಟವೆಲಿನಿಂದ ಒರೆಸಿ, ಮತ್ತೊಂದು ಚಮಚ ತುಂಬಿಕೊಂಡ.