ಬಾಯಲ್ಲಿ ಹೇಳಿದ ತಿದ್ದುಪಡಿಗಳು

ಬೆಳಗಿನ ನಮಾಜು ಮುಗಿದು ನಾನಿನ್ನೂ ಚಾಪೆಯಿಂದ ಎದ್ದಿರಲಿಲ್ಲ. ಇಮಾಮರು ಧ್ವನಿವರ್ಧಕದ ಕಡೆ ಹೋಗುವ ಮೊದಲು ನನ್ನ ಬಳಿ ಬಂದು ಹೆಗಲ ಮೇಲೆ ಕೈಯಿಟ್ಟರು. ಸತ್ತವರ ಹೆಸರನ್ನು ಊರಿಗೆ ಸಾರುವುದು ಅವರ ಕೆಲಸ. ಆ ದಿನದ ಹೆಸರು ನನ್ನ ತಂಗಿಯದು. ಡಾಕ್ಟರ್ ಸುಮಿಯಾರ್ಸಿ ನಿದ್ದೆಯಲ್ಲೇ ತೀರಿಕೊಂಡಿದ್ದಳು. ನಮ್ಮೂರು ಮಾಗೆಲಾಂಗ್‌ನ ಗಲ್ಲಿಗಳಲ್ಲಿ ಆ ಹೆಸರು ಕೇಳಿಸುತ್ತಿದ್ದಾಗ, ಅವಳಿಗಿಂತ ಮೊದಲು ಹುಟ್ಟಿದ ನಾನು ಅಲ್ಲೇ ಕೂತು ಕೇಳಿದೆ.

ಮಧ್ಯಾಹ್ನದೊಳಗೆ ಮಣ್ಣು ಮಾಡಿದೆವು. ಶವ ಎತ್ತುವ ಮುನ್ನ ಇಮಾಮರು ರೂಢಿಯಂತೆ, ಈಕೆ ಎಂಥವರು ಎಂದು ನೆರೆದವರನ್ನು ಕೇಳಿದರು. ಒಳ್ಳೆಯವರು ಎಂದು ಎಲ್ಲರೂ ಸಾಕ್ಷಿ ನುಡಿದೆವು.

ಅವಳು ಬಿಟ್ಟುಹೋದದ್ದು ತಾನು ಸಂಪಾದಿಸುತ್ತಿದ್ದ ಒಂದು ವೈದ್ಯಕೀಯ ಪತ್ರಿಕೆಯನ್ನು. ನಮ್ಮ ಇಂಡೊನೇಷಿಯಾದ ಭಾಷೆಯಲ್ಲೇ ಬರುವ, ಸುತ್ತಲಿನ ಆರೋಗ್ಯ ಕೇಂದ್ರಗಳ ವೈದ್ಯರು ಬರೆದು ಅವರೇ ಓದುವ ಪತ್ರಿಕೆ. ಕೆಲವು ವರ್ಷಗಳ ಹಿಂದೆ ಹೊರದೇಶದ ಒಂದು ಲೇಖನದಲ್ಲಿ, ಜಾವಾದ ಗದ್ದೆಕೆಲಸದವರಲ್ಲಿ ಇಲಿಜ್ವರದ ಬಗ್ಗೆ ಈವರೆಗೆ ಯಾರೂ ಬರೆದಿಲ್ಲ ಎಂದಿತ್ತು. ಅದಕ್ಕೂ ಬಹಳ ಮೊದಲೇ ಅವಳು ಆ ವಿಷಯವನ್ನು ಅಚ್ಚು ಹಾಕಿದ್ದಳು. ಆ ಲೇಖನ ಓದಿದ ದಿನ ಅವಳು ಊಟ ಮಾಡಲಿಲ್ಲ. ಜಗತ್ತಿನ ವೈದ್ಯರೆಲ್ಲ ಹುಡುಕಿ ನೋಡುವ ಅಂತರರಾಷ್ಟ್ರೀಯ ಸೂಚಿಯಲ್ಲಿ ಪತ್ರಿಕೆಯನ್ನು ಸೇರಿಸಬೇಕೆಂಬ ಹಟ ಅಂದಿನಿಂದ ಶುರುವಾಯಿತು. ಪ್ರತಿ ಲೇಖನಕ್ಕೂ ಇಂಗ್ಲಿಷಿನಲ್ಲಿ ಸಾರಾಂಶ ಬರೆದಳು. ಕೊನೆಗೆ ಅರ್ಜಿ ಹಾಕಿದಳು.

ಸೂಚಿಯವರು ನಮ್ಮ ಭಾಷೆಯ ಬಗ್ಗೆ ತಕರಾರು ಮಾಡಲಿಲ್ಲ. ಅಚ್ಚಿಗೆ ಮುನ್ನ ಲೇಖನಗಳನ್ನು ಪರಿಶೀಲಿಸಿದ ವೈದ್ಯರ ಅಭಿಪ್ರಾಯಗಳನ್ನು ಕಳಿಸಿ ಎಂದರು. ಅವಳು ಕಳಿಸಿದಳು. ಒಂದೊಂದರಲ್ಲೂ ಬರೀ ವಿನಯ: ಗುರುಗಳ ಬರಹ ಓದುವ ಭಾಗ್ಯ ದೊರೆಯಿತು, ನನ್ನ ಅಲ್ಪಮತಿಗೆ ತಪ್ಪೇನೂ ಕಾಣಲಿಲ್ಲ, ಉದ್ಧಟತನವಿದ್ದರೆ ಮನ್ನಿಸಬೇಕು. ಇಲ್ಲಿ ಲೇಖನಗಳ ಪರೀಕ್ಷೆಯೇ ನಡೆಯುವುದಿಲ್ಲ ಎಂದು ಸೂಚಿಯವರು ಅರ್ಜಿಯನ್ನು ಹಿಂತಿರುಗಿಸಿದರು.

ನಡೆಯುತ್ತಿತ್ತು. ಹಿರಿಯರ ತಪ್ಪನ್ನು ಕಾಗದದ ಮೇಲೆ ಹಾಕುವುದು ನಮ್ಮಲ್ಲಿಲ್ಲ, ಅಷ್ಟೆ. ಪರಿಶೀಲಕರು ತಪ್ಪುಗಳನ್ನು ಅವಳ ಕಿವಿಗೆ ಹಾಕುತ್ತಿದ್ದರು. ಅವಳು ಮರಗೆಣಸಿನ ಗೆತುಕ್ ಸಿಹಿಯ ಪೊಟ್ಟಣ ಹಿಡಿದು ಲೇಖಕರ ಮನೆಗೆ ಹೋಗಿ, ಚಹಾ ಕುಡಿಯುತ್ತ, ಮೊಮ್ಮಕ್ಕಳ ಸುದ್ದಿಯೆಲ್ಲ ಆದಮೇಲೆ, ಆ ಲೆಕ್ಕ ಯಾಕೋ ಕೂಡುತ್ತಿಲ್ಲ ಎನ್ನುತ್ತಿದ್ದಳು. ಎಷ್ಟೋ ಲೇಖನಗಳು ಆ ಚಹಾದಲ್ಲೇ ನಿಂತುಹೋದವು. ಅದಕ್ಕೆ ಬರವಣಿಗೆಯ ಗುರುತು ಇರಲಿಲ್ಲ.

ಮತ್ತೆ ಅರ್ಜಿ ಹಾಕಲು ಆ ತಿಂಗಳ ಕೊನೆಯವರೆಗೆ ಅವಕಾಶವಿತ್ತು. ತಪ್ಪಿದರೆ ಎರಡು ವರ್ಷ ಕಾಯಬೇಕು. ಅವಳಿದ್ದ ಸಂಪಾದಕರ ಜಾಗದಲ್ಲಿ ಪತ್ರಿಕೆಯ ವೈದ್ಯರು ಈಗ ನನ್ನನ್ನು ಕೂರಿಸಿದ್ದರು.

ಏಳನೆಯ ದಿನದ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಇಬ್ಬರು ಜಗಲಿಯಲ್ಲಿ ಉಳಿದರು. ಪತ್ರಿಕೆಯಲ್ಲಿ ತಂಗಿಗೆ ಸಹಾಯಕಿಯಾಗಿದ್ದ ಡಾಕ್ಟರ್ ಪಾಲುಪಿ, ಮತ್ತು ಪಾಲುಪಿಗೆ ಪಾಠ ಹೇಳಿದ ಪ್ರೊಫೆಸರ್ ವಿನಾರ್ಸೊ. ಪಾಲುಪಿಯ ಬಳಿ ಒಂದು ಉಪಾಯವಿತ್ತು. ಆಗ ಬಾಯಲ್ಲಿ ಹೇಳಿದ ತಿದ್ದುಪಡಿಗಳು ಪರಿಶೀಲಕರಿಗೆಲ್ಲ ನೆನಪಿವೆ, ಈಗ ಬರೆಸಿ ಹಳೆಯ ತಾರೀಕು ಹಾಕಿ ಕಳಿಸೋಣ ಎಂದಳು.

"ಇದು ಸುಳ್ಳಲ್ಲ, ಬಾಪಕ್," ಎಂದು ಹಿರಿಯರನ್ನು ಕರೆಯುವಂತೆ ನನ್ನನ್ನು ಕರೆದಳು. "ಆಡಿದ ಮಾತನ್ನೇ ಬರೀತೀವಿ."

"ಮಾತು ನಿಜ ಕಣಮ್ಮ. ತಾರೀಕು?"

ಅವಳು ತಲೆ ತಗ್ಗಿಸಿದಳು. ಇಬು, ಅಂದರೆ ನನ್ನ ತಂಗಿ, ಇದಕ್ಕಾಗಿ ಎಷ್ಟು ಹಂಬಲಿಸಿದ್ದರು ಎಂದು ಮೆಲ್ಲಗೆ ಅಂದಳು. ಒಂದು ರುಜು ಹಾಕಿದರೆ ತಂಗಿಯ ಆಸೆ ತೀರುತ್ತಿತ್ತು. ಆದರೆ ಅವಳು ಒಳ್ಳೆಯವಳೆಂದು ದೇವರೆದುರು ಸಾಕ್ಷಿ ನುಡಿದು ವಾರವಾಗಿತ್ತು. ಅದೇ ಬಾಯಿ ಇಟ್ಟುಕೊಂಡು ಅವಳ ಹೆಸರಿನಲ್ಲಿ ಸುಳ್ಳು ಸಾಕ್ಷಿ ಕಳಿಸುವುದು ನನ್ನಿಂದಾಗಲಿಲ್ಲ. ಈ ಸಲ ಅರ್ಜಿ ಬೇಡ ಎಂದೆ. ಇನ್ನು ಮೇಲಿನದನ್ನು ಬರೆದೇ ಇಡೋಣ ಎಂದೆ.

"ಯಾರು ಬರೀತಾರೆ?" ಎಂದಳು ಪಾಲುಪಿ. "ದೊಡ್ಡವರ ತಪ್ಪು ಎತ್ತಿ ಬರೆಯೋಕೆ ಯಾರ ಕೈ ಏಳುತ್ತೆ?"

ನನ್ನನ್ನು ಮಾಸ್, ಅಂದರೆ ಅಣ್ಣ, ಎಂದು ಕರೆಯುವ ವಿನಾರ್ಸೊ ನಕ್ಕರು. "ನಿಮ್ಮ ತಂಗಿ ಗೆತುಕ್ ಹಿಡ್ಕೊಂಡು ಗೇಟಿನ ಹತ್ರ ಕಂಡ್ರೆ ಸಾಕು, ಮಾಸ್, ನನ್ನ ಹೆಂಡತಿ ಅಂತಿದ್ಲು: ತಗೊಳ್ಳಿ, ನಿಮ್ಮ ಲೇಖನದ ಕಥೆ ಮುಗೀತು." ನಂತರ ಪಾಲುಪಿಯ ಕಡೆ ತಿರುಗಿದರು. "ಸಕ್ಕರೆ ಕಾಯಿಲೆ ಮೇಲೆ ನಂದೊಂದು ಲೇಖನ ಪರಿಶೀಲನೆಗೆ ಬಂದಿದೆಯಲ್ಲ, ಅದನ್ನ ನೀನು ನೋಡು. ಬರೆದು ಕೊಡು."

"ನಾನು ನಿಮ್ಮ ಶಿಷ್ಯೆ, ಬಾಪಕ್."

"ಅದಕ್ಕೇ ಹೇಳಿದ್ದು. ಕ್ಷಮೆ ಕೇಳೋ ಸಾಲು ಒಂದಿದ್ರೂ ವಾಪಸ್ ಕಳಿಸ್ತೀನಿ."

ಪಾಲುಪಿ ತುಂಬ ದಿನ ಒದ್ದಾಡಿದಳಂತೆ. ಕೊನೆಗೆ ತಂದುಕೊಟ್ಟ ಹಾಳೆಯಲ್ಲಿ ವಿನಯದ ಸಾಲಿರಲಿಲ್ಲ. ಇಷ್ಟು ಕಡಿಮೆ ರೋಗಿಗಳನ್ನು ನೋಡಿ ಈ ತೀರ್ಮಾನಕ್ಕೆ ಬರಲಾಗದು, ಈ ಲೇಖನ ಪ್ರಕಟಣೆಗೆ ಯೋಗ್ಯವಲ್ಲ ಎಂದು ನೇರವಾಗಿ ಬರೆದು ಹೆಸರು ಹಾಕಿದ್ದಳು. ವಿನಾರ್ಸೊ ನನ್ನೆದುರೇ ಓದಿದರು. ಅವರ ಕಿವಿ ಕೆಂಪಾಯಿತು. ಇನ್ನೊಮ್ಮೆ ಓದಿ, "ಸರಿಯಾಗಿದೆ, ಇಟ್ಕೊಳ್ಳಿ" ಎಂದು ಹಾಳೆಯನ್ನು ನನ್ನ ಕೈಗಿತ್ತರು.

ಅರ್ಜಿಯ ಗಡುವು ದಾಟಿತು. ಮುಂದಿನ ಸಲಕ್ಕೆ ನಾನಿರುತ್ತೇನೋ ಇಲ್ಲವೋ ತಿಳಿಯದು, ಪಾಲುಪಿ ಇರುತ್ತಾಳೆ. ಶುಕ್ರವಾರ ತಂಗಿಯ ಗೋರಿಗೆ ಹೋಗಿ ಹೂವಿನ ಎಸಳು ಹರಡಿ, ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಕೈಯೆತ್ತಿದೆ.

ಅಲ್ಲಾಹನೇ, ನಿನ್ನ ಈ ದಾಸಿಯನ್ನು ಕ್ಷಮಿಸು, ಅವಳ ಮೇಲೆ ಕರುಣೆಯಿಡು. ಅವಳ ಗೋರಿಯನ್ನು ವಿಶಾಲಗೊಳಿಸು, ಅದರೊಳಗೆ ಬೆಳಕು ತುಂಬು. ಅವಳು ದಣಿದು ಬಂದಿದ್ದಾಳೆ, ಅವಳಿಗೆ ಶಾಂತಿ ಕೊಡು. ಆಮೀನ್.