ನೋವು ಶುರುವಾಗುವ ಜಾಗ

ಮಕ್ಕಳು ಅದನ್ನು ಆಟ ಅಂದುಕೊಂಡವು. ಪೆಟ್ರೋಲ್ ಬಂಕಿನ ತಿರುವಿನಲ್ಲಿ ಶಾಲೆಯ ವ್ಯಾನು ತಿರುಗುತ್ತಿದ್ದಾಗ ಡ್ರೈವರಿನ ಬಲಗೈ ಸ್ಟೀರಿಂಗಿನಿಂದ ಜಾರಿ, ಜೀವವೇ ಇಲ್ಲದಂತೆ ಅವನ ತೊಡೆಯ ಮೇಲೆ ಬಿತ್ತು. ವ್ಯಾನು ಎದುರಿನಿಂದ ಬರುತ್ತಿದ್ದ ನೀರಿನ ಟ್ಯಾಂಕರಿನ ಕಡೆಗೆ ವಾಲಿತು. ಎಡಗೈ ಒಂದರಲ್ಲೇ, ಮೈಭಾರವನ್ನೆಲ್ಲ ಹಾಕಿ ಎಳೆದು ತಿರುಗಿಸಿದ. ಟ್ಯಾಂಕರಿನ ಕನ್ನಡಿ ಇವನ ಕನ್ನಡಿಯನ್ನು ಸವರಿಕೊಂಡು ಹೋಯಿತು. ಹಿಂದಿನ ಸೀಟಿನ ಮಕ್ಕಳು ಒಬ್ಬರ ಮೇಲೊಬ್ಬರು ಉರುಳಿ ಕಿಲಕಿಲ ನಕ್ಕವು.

"ಇನ್ನೊಂದ್ ಸಲ, ಮಾವ," ಅಂದಳು ಮುಂದಿನ ಹಲ್ಲುದುರಿದ ಪುಟ್ಟ ಹುಡುಗಿ.

ಮಾವನಿಗೆ ನಗು ಎಲ್ಲಿಂದ ಬರಬೇಕು? ಮಕ್ಕಳನ್ನು ಗೇಟಿನ ಹತ್ತಿರ ಇಳಿಸಿ, ವ್ಯಾನನ್ನು ಮರದಡಿ ನಿಲ್ಲಿಸಿ, ಬಲಗೈಯ ಬೆರಳುಗಳು ಮತ್ತೆ ಮಡಚುವವರೆಗೆ ಕೂತಿದ್ದ. ಯುದ್ಧದಲ್ಲೂ ಅವನು ಹೆದರಿದ್ದ, ಅದನ್ನು ಮುಚ್ಚಿಡುವವನಲ್ಲ. ಆದರೆ ಅಲ್ಲಿ ಹೆದರಿದ್ದು ತನ್ನೊಬ್ಬನ ಜೀವಕ್ಕೆ.

ಸೈನ್ಯದಲ್ಲಿ ಅವನದು ಫಿರಂಗಿ ದಳ. ಗುಂಡುಗಳನ್ನು ಲಾರಿಯಿಂದ ಇಳಿಸಿ, ಬಲಭುಜದ ಮೇಲೆ ಹೊತ್ತು, ಫಿರಂಗಿಯ ಹತ್ತಿರ ತಂದುಕೊಡುವ ಕೆಲಸ. ಜೊತೆಯವರು ಅವನನ್ನು ಕ್ರೇನ್ ಎಂದೇ ಕರೆಯುತ್ತಿದ್ದರು, ಅವನೂ ಆ ಹೆಸರಿಗೆ ಉಬ್ಬಿಹೋಗಿದ್ದ. ಒಮ್ಮೆ ಭುಜ ಕೀಲು ತಪ್ಪಿತು. ಕೂರಿಸಿದರು, ಮತ್ತೆ ಹೊತ್ತ. ವರ್ಷಾವರ್ಷ ತಪಾಸಣೆಯಲ್ಲಿ ಏನಾದರೂ ತೊಂದರೆ ಇದೆಯಾ ಎಂದು ಕೇಳಿದರೆ ಅವನ ಉತ್ತರ ಒಂದೇ: ಇಲ್ಲ ಸರ್. ತೊಂದರೆ ಇದೆ ಅಂದವರನ್ನು ಉಗ್ರಾಣದ ಕೆಲಸಕ್ಕೆ ಹಾಕುತ್ತಿದ್ದರು. ಮಿಕ್ಕವರು ಅಂಥವರನ್ನು ಕಂಡಕಂಡಲ್ಲಿ ಆಡಿಕೊಳ್ಳುತ್ತಿದ್ದರು. ಹಾಗಾಗಿ ಆ ಭುಜದ ಕಥೆ ಯಾವ ಕಾಗದದಲ್ಲೂ ಇರಲಿಲ್ಲ.

ನಿವೃತ್ತನಾದ ಮೇಲೆ ಕೈ ಮೇಲೇಳಲು ತಕರಾರು ಮಾಡತೊಡಗಿತು. ಅಂಗವೈಕಲ್ಯದ ಪಿಂಚಣಿಗೆ ಅರ್ಜಿ ಹಾಕಿದ. ಮೊದಲ ತಪಾಸಣೆಯಲ್ಲಿ ಒಬ್ಬ ಎಳೆಯ ಡಾಕ್ಟರು, ಕೈ ಎತ್ತಿ, ನೋವು ಶುರುವಾದಲ್ಲಿ ನಿಲ್ಲಿಸಿ ಎಂದಿದ್ದರು. ನಮ್ಮ ಕ್ರೇನಿನ ಕಿವಿಗೆ ಬಿದ್ದದ್ದು "ಎತ್ತಿ" ಅನ್ನುವುದೊಂದೇ. ಹಲ್ಲು ಕಚ್ಚಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಕೈಯನ್ನು ಕಿವಿಯ ಪಕ್ಕಕ್ಕೆ ನೆಟ್ಟಗೆ ಎತ್ತಿ ನಿಲ್ಲಿಸಿದ. ಭುಜದ ಚಲನೆ ಸಹಜವಾಗಿದೆ ಎಂದು ಡಾಕ್ಟರು ಬರೆದರು. ಇವನು ಹೊರಗೆ ಬಂದು ಗೋಡೆ ಹಿಡಿದುಕೊಂಡು ವಾಂತಿ ಮಾಡಿದ. ಅರ್ಜಿ ತಿರಸ್ಕೃತವಾಯಿತು.

ಈಗ ಉಳಿದಿದ್ದು ಮೇಲ್ಮನವಿ. ಅದು ಹೋದರೆ ಮುಂದೆ ದಾರಿಯಿಲ್ಲ. ಗೆದ್ದರೆ ವ್ಯಾನು ಬಿಡಬಹುದು, ಸೋತರೆ ಆ ಕೈಯಲ್ಲೇ ಓಡಿಸಬೇಕು. ವ್ಯಾನಿನ ಯಜಮಾನನಿಗೆ ವಿಷಯ ತಿಳಿದರೆ ಅಂದೇ ಕೀಲಿಕೈ ಕಿತ್ತುಕೊಳ್ಳುತ್ತಾನೆ, ಮನೆಯಲ್ಲಿ ಬೇರೆ ಸಂಪಾದನೆ ಇಲ್ಲ. ಟ್ಯಾಂಕರಿನ ವಿಷಯವನ್ನು ಅವನು ಹೆಂಡತಿಯೊಬ್ಬಳಿಗೇ ಹೇಳಿದ.

"ವಿಚಾರಣೆಗೆ ಇನ್ನೊಂದು ವಾರ ಇದೆ. ಅಲ್ಲೀವರೆಗೆ ಹುಷಾರಾಗಿ ಓಡಿಸಿ," ಅಂದಳು ಅವಳು, ಅವನ ಮುಖ ನೋಡದೆ.

ಆ ವಾರ ಅವನು ಬಂಕಿನ ತಿರುವನ್ನು ಬಿಟ್ಟು ಸುತ್ತು ದಾರಿ ಹಿಡಿದ. ಸೈಕಲ್ಲಿನವರೂ ಅವನನ್ನು ದಾಟಿಕೊಂಡು ಹೋಗುತ್ತಿದ್ದರು.

ಸಂಜೆಯಾದರೆ ಅಡುಗೆಮನೆಯಲ್ಲಿ ತಾಲೀಮು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಡಾಕ್ಟರಾಗುತ್ತಿದ್ದಳು. ಎತ್ತಿ ಅಂದರೆ ಸಾಕು, ಅವನ ಕೈ ಡಬ್ಬಿಗಳ ಶೆಲ್ಫನ್ನೂ ದಾಟಿ ಮೇಲೆ ಹೋಗುತ್ತಿತ್ತು. ನೋವು ಬಂದ ತಕ್ಷಣ ನಿಲ್ಲಿಸಿ ಅಂತ ತಾನೆ ಹೇಳಿದ್ದು ಎಂದು ಅವಳು ತಲೆ ಚಚ್ಚಿಕೊಳ್ಳುವಳು. ಎತ್ತು ಅಂದೆಯಲ್ಲ ಎಂದು ಅವನು ಪೆಚ್ಚಾಗುವನು. ಮಗ್ಗಿ ಕಲಿಯದ ಮಗುವಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟಳು, ಬೈದಳು, ಅತ್ತಳು.

"ಎತ್ತಕ್ಕೆ ಆಗೋದನ್ನ ಆಗಲ್ಲ ಅನ್ನೋದು ಮೋಸ ಅಲ್ವೇನೇ?" ಎಂದ ಅವನು ಒಂದು ಸಂಜೆ.

ಇಂಥ ಗಂಡನನ್ನು ಕಟ್ಟಿಕೊಂಡು ಅವಳು ಏನು ಮಾಡಬೇಕು? ಇನ್ನೊಂದು ಮಾತನ್ನೂ ಗಟ್ಟಿ ಮಾಡಿಸಿದಳು: ಕೆಲಸ ಕೇಳಿದರೆ ಚಿಲ್ಲರೆ ಕೆಲಸ ಅನ್ನಬೇಕು. ವ್ಯಾನಿನ ಸುದ್ದಿ ಎತ್ತಿದರೆ, ವ್ಯಾನು ಓಡಿಸುವವನಿಗೆ ಭುಜ ನೆಟ್ಟಗೇ ಇದೆ ಅನ್ನುತ್ತಾರೆ.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಇದ್ದವರು ದೊಡ್ಡ ಡಾಕ್ಟರು. ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಕುರ್ಚಿಗೆ ಒರಗದ ಬೆನ್ನು. ಇವರೂ ಸೈನ್ಯದವರೇ ಎಂದು ನೋಡಿದೊಡನೆ ಗೊತ್ತಾಯಿತು. ಅಂಥವರ ದನಿಗೆ ಅವನ ಕೈ ಅವನನ್ನು ಕೇಳದೆಯೇ ವಿಧೇಯವಾಗುತ್ತದೆ. ಹೆಂಡತಿಗೆ ಗೋಡೆಯ ಪಕ್ಕ ಒಂದು ಕುರ್ಚಿ ಕೊಟ್ಟರು.

ಅಂಗಿ ಬಿಚ್ಚಿಸಿದರು. ನೆಟ್ಟಗೆ ನಿಲ್ಲಿ ಅಂದರು. ನಿಂತ. ಬಲಗೈ ಎತ್ತಿ, ನೋವು ಶುರುವಾದಲ್ಲಿ ನಿಲ್ಲಿಸಿ ಅಂದರು.

ಬೆರಳುಗಳು ಮಿಡುಕಿದವು. ಈಗ ಹೋಯಿತು, ಎಲ್ಲ ಹೋಯಿತು ಅಂದುಕೊಂಡ. ಕೈ ಹೊರಡುವ ಮೊದಲು, ಬದುಕಿನಲ್ಲಿ ಮೊದಲ ಸಲ, ಅವನು ನೋವನ್ನು ಹುಡುಕಿದ. ಅದಕ್ಕೆ ದೂರ ಹೋಗಬೇಕಾಗಲಿಲ್ಲ. ಅಂಗಿ ಬಿಚ್ಚುವಾಗಲೂ ಅದಿತ್ತು, ಬೆಳಿಗ್ಗೆ ಏಳುವಾಗಲೂ ಇತ್ತು, ಸುಮ್ಮನೆ ನಿಂತಾಗಲೂ ಇದೆ.

"ಎತ್ತಿ," ಎಂದರು ಡಾಕ್ಟರು ಮತ್ತೆ.

"ಆಗಲೇ ಶುರುವಾಗಿದೆ ಸರ್."

ಪಕ್ಕದಲ್ಲಿ ಕೂತಿದ್ದವರು ತುಟಿಯಂಚಿನಲ್ಲಿ ನಕ್ಕರು. ಡಾಕ್ಟರು ನಗಲಿಲ್ಲ. ಹಿಂದಿನ ವರದಿಯ ಹಾಳೆ ತಿರುವಿ, ಅವತ್ತು ಪೂರ್ತಿ ಎತ್ತಿದ್ದಿರಲ್ಲ ಎಂದು ಕೇಳಿದರು.

"ಎತ್ತು ಅಂದ್ರು ಸರ್. ಎತ್ತಿದೆ."

ಡಾಕ್ಟರು ಎದ್ದು ಬಂದು, ಮೊಣಕೈ ಹಿಡಿದು, ತಾವೇ ನಿಧಾನವಾಗಿ ಎತ್ತಿದರು. ಒಳಗೆ ಏನೋ ಕರಕರ ಉಜ್ಜಿತು. ಅವನ ಬಾಯಿಂದ ಒಂದು ನರಳಿಕೆ ಹೊರಬಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯೂ ಅದನ್ನು ಕೇಳಿರಲಿಲ್ಲ, ಕುರ್ಚಿಯಿಂದ ಎದ್ದುಬಿಟ್ಟಳು. ಡಾಕ್ಟರು ಕೈಯನ್ನು ಮೆಲ್ಲಗೆ ಇಳಿಸಿ, ಈಗ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು.

ಹೆಂಡತಿಯ ಕಣ್ಣು ಅವನ ಮೇಲೇ ಇತ್ತು. ಚಿಲ್ಲರೆ ಕೆಲಸ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಸ್ಕೂಲ್ ವ್ಯಾನ್ ಓಡಿಸ್ತೀನಿ ಸರ್," ಎಂದ. "ಹೋದ ವಾರ ತಿರುವಲ್ಲಿ ಕೈ ಬಿದ್ಹೋಯ್ತು. ಒಳಗೆ ಮಕ್ಕಳಿದ್ವು."

ಇವತ್ತೂ ಓಡಿಸಿದಿರಾ ಎಂದು ಡಾಕ್ಟರು ಕೇಳಿದರು. ಬೆಳಿಗ್ಗೆ ಬಿಟ್ಟು ಬಂದೆ, ಮಧ್ಯಾಹ್ನ ಕರೆದುಕೊಂಡು ಬರಬೇಕು ಎಂದ. ಇದನ್ನು ನಾನು ಬರೆಯಲೇಬೇಕಾಗುತ್ತದೆ, ನಿಮ್ಮ ಲೈಸೆನ್ಸಿಗೆ ಕುತ್ತು ಬರಬಹುದು ಎಂದರು ಅವರು. ಪಿಂಚಣಿಯ ತೀರ್ಮಾನ ಅಂಚೆಯಲ್ಲಿ ಬರುತ್ತದಂತೆ, ಯಾವಾಗ ಎಂದು ಯಾರೂ ಹೇಳಲಿಲ್ಲ.

ಕಾರಿಡಾರಿನಲ್ಲಿ ಹೆಂಡತಿ ಅವನ ಅಂಗಿಯ ಗುಂಡಿ ಹಾಕಿದಳು. ಬೈಯಲಿಲ್ಲ. ಮುಂದೇನು ಗತಿ ಎಂದೂ ಕೇಳಲಿಲ್ಲ. ಅವನು ಯಜಮಾನನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಯಜಮಾನ ಮೊದಲು ಕೂಗಾಡಿದ. ಆಮೇಲೆ ದನಿ ಇಳಿಸಿ, ಈಗ ಈ ಹೊತ್ತಿನಲ್ಲಿ ಬೇರೆ ಡ್ರೈವರನ್ನು ಎಲ್ಲಿಂದ ತರಲಿ, ಇವತ್ತೊಂದು ದಿನ ಹೇಗಾದರೂ ಓಡಿಸಿಬಿಡು, ನಾಳೆ ನೋಡೋಣ ಎಂದ.

ಹೇಳಿದ್ದನ್ನು ಮಾಡಿಯೇ ಬದುಕಿದವನು ಅವನು. ಒಂದು ಕ್ಷಣ ಹೂಂ ಅನ್ನಲು ಬಾಯಿ ತೆರೆದೂ ತೆರೆದ.

"ಆಗಲ್ಲ," ಎಂದ. "ನನ್ ಕೈಯಲ್ಲಿ ಆಗಲ್ಲ ಯಜಮಾನ್ರೇ."

ಆ ಕಡೆಯಿಂದ ಮತ್ತೆ ಕೂಗಾಟ ಶುರುವಾಯಿತು. ಟ್ಯಾಂಕರು ಕಂಡಾಗಲೂ ಅವನು ಇಷ್ಟು ಹೆದರಿರಲಿಲ್ಲ. ಹೆಂಡತಿ ಅವನ ಕೈಯಿಂದ ಫೋನು ತೆಗೆದುಕೊಂಡಳು. ಮಕ್ಕಳ ಮನೆಯವರಿಗೆಲ್ಲ ಈಗಲೇ ಫೋನು ಮಾಡಿ ಬಂದು ಕರೆದುಕೊಂಡು ಹೋಗಲು ಹೇಳಿಬಿಡಿ, ವ್ಯಾನಿನ ಕೀಲಿಕೈಯನ್ನು ನಾನೇ ತಂದುಕೊಡುತ್ತೇನೆ ಎಂದಳು.